ಮುಚ್ಚದ ಬಾನೆಟ್ಟು

ಬಾನೆಟ್ಟಿನ ಕೊನೆಯ ಬೋಲ್ಟು ತಿರುಗಲೊಲ್ಲದೆ ನಿಂತಾಗ ಮಗಳು ಮೈಭಾರವನ್ನೆಲ್ಲ ಸ್ಪ್ಯಾನರ್ ಮೇಲೆ ಹಾಕಿದಳು. ಬೋಲ್ಟು ಒಮ್ಮೆ ಕಿರುಗುಟ್ಟಿ ಸಡಿಲವಾಯಿತು. ಶೆಡ್ಡಿನ ಗೋಡೆಯಾಚೆ, ಮನೆಯ ನಡುಕೋಣೆಯಲ್ಲಿ, ಅಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದ. ಇನ್ನೊಂದು ಗಂಟೆಯಲ್ಲಿ ಶವವಾಹನ ಹೊರಡಬೇಕಿತ್ತು.

ಅಮ್ಮ ಬೆಳಿಗ್ಗೆಯಿಂದ ಒಂದೇ ಪಟ್ಟು ಹಿಡಿದಿದ್ದಳು. ಸ್ಮಶಾನಕ್ಕೆ ಬರುವುದಾದರೆ ಶೆಡ್ಡಿನಲ್ಲಿರುವ ಆ ಕಾರಿನಲ್ಲೇ.

"ಒಂಬತ್ತು ವರ್ಷ ಆ ಸೀಟಿಗೋಸ್ಕರ ನನ್ನನ್ನ ಕಾಯಿಸಿದಾರೆ ನಿಮ್ಮಪ್ಪ. ಇವತ್ತೂ ಆಗಲ್ಲ ಅಂದ್ರೆ ಇನ್ಯಾವತ್ತು?"

ಚಿಕ್ಕಪ್ಪ ಹಣೆ ಹಣೆ ಚಚ್ಚಿಕೊಂಡ. ಒಂಬತ್ತು ವರ್ಷದಿಂದ ರಸ್ತೆ ಕಾಣದ ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಸತ್ತ ಅಣ್ಣನ ಮರ್ಯಾದೆ ಮಣ್ಣುಪಾಲು ಎಂದು ಬಂದವರಿಗೆಲ್ಲ ಹೇಳುತ್ತಾ ತಿರುಗಿದ. ಮಗಳಿಗೂ ಒಳಗೊಳಗೆ ಅದೇ ಅಳುಕು. ಕಾರಿನ ವೈರಿಂಗ್ ಪೂರ್ತಿ ಅವಳದೇ ಕೈಕೆಲಸ. ಎಂಜಿನ್ನಿನ ಕಂಪ್ಯೂಟರ್ ಡಬ್ಬಿಯಿಂದ ಹೊರಟ ಎಪ್ಪತ್ತೆರಡು ತಂತಿಗಳಿಗೂ ಅವಳೇ ಒಂದೊಂದಾಗಿ ಚೀಟಿ ಕಟ್ಟಿದ್ದಳು. ಅವನ್ನು ಮೂರು ಸಲ ಎಣಿಸಿ, ನಾಲ್ಕನೆಯ ಸಲಕ್ಕೆ ಬಗ್ಗಿದಾಗ ಟಿಂಕರ್ ಮಾಮ ತಡೆದ. ಡೊಂಕಾದ ಕಾರುಗಳ ತಗಡು ಬಡಿದು ನೇರ ಮಾಡುವ ಆತ ಅಪ್ಪನ ನಲವತ್ತು ವರ್ಷದ ಗೆಳೆಯ.

"ಎಷ್ಟು ಎಣಿಸಿದ್ರೂ ಅವು ಮರಿ ಹಾಕಲ್ಲ ಪುಟ್ಟಿ. ಆ ಕಡೆ ಹಿಡಿ."

ಇಬ್ಬರೂ ಬಾನೆಟ್ಟನ್ನು ಎತ್ತಿ ಗೋಡೆಗೆ ಒರಗಿಸಿದರು.

*

ಕೆಂಪು ಬಣ್ಣದ, ಮೇಲ್ಛಾವಣಿ ಇಲ್ಲದ, ಎರಡೇ ಸೀಟಿನ ಆ ರೇಸಿನ ಕಾರು ಮಗಳಿಗಿಂತ ಹಳೆಯದು. ಅದರ ಸ್ವಂತ ಎಂಜಿನ್ ಸೀಳಿಹೋಗಿತ್ತು. ಗುದ್ದಿಸಿಕೊಂಡು ಮೂಲೆಗೆ ಬಿದ್ದಿದ್ದ ಹೊಸ ಕಾರೊಂದರ ಎಂಜಿನ್ನನ್ನು ಅಪ್ಪ ಹೊತ್ತು ತಂದ. ಸಂಜೆ ತರಗತಿಯಲ್ಲಿ ಎಲೆಕ್ಟ್ರಿಕಲ್ ಕಲಿಯುತ್ತಿದ್ದ ಮಗಳನ್ನು ಜೊತೆಗೆ ಹಾಕಿಕೊಂಡ. ಎಲ್ಲ ಕೂತಿತು. ಬಾನೆಟ್ಟು ಮಾತ್ರ ಮುಚ್ಚಲಿಲ್ಲ. ಹೊಸ ಎಂಜಿನ್ ಎರಡು ಬೆರಳು ಎತ್ತರ.

ಬಾನೆಟ್ಟಿನಲ್ಲಿ ಕಿಂಡಿ ಕೊರೆದು ಮೇಲೊಂದು ಗೂನು ಕೂರಿಸೋಣ, ಅರ್ಧ ದಿನದ ಕೆಲಸ ಎಂದು ಟಿಂಕರ್ ಮಾಮ ಕತ್ತರಿ ತೆಗೆದ. ಅಪ್ಪ ಎರಡೂ ಕೈ ಚಾಚಿ ಬಾನೆಟ್ಟಿನ ಮೇಲೆ ಅಡ್ಡ ಬಿದ್ದ.

"ಕತ್ತರಿಸೋದಾದ್ರೆ ಮೊದಲು ನನ್ನನ್ನ ಕತ್ತರಿಸು."

"ನಿನ್ನನ್ನ ಕತ್ತರಿಸಿದ್ರೆ ಬರೀ ಹಠ ಸಿಗುತ್ತೆ, ತಗಡು ಸಿಗಲ್ಲ," ಎಂದ ಮಾಮ.

ಅಂದಿನಿಂದ ಅಪ್ಪ ಎಂಜಿನ್ನನ್ನೇ ಇಳಿಸಲು ಕೂತ. ಅಡಿಯ ಆಯಿಲ್ ತೊಟ್ಟಿಯನ್ನು ತಗ್ಗಿಸಿದ, ಆಧಾರದ ಕಬ್ಬಿಣವನ್ನು ಉಜ್ಜಿ ಉಜ್ಜಿ ಸವೆಸಿದ. ಆರು ವರ್ಷಕ್ಕೆ ಒಂದು ಬೆರಳು ಇಳಿಯಿತು. ಬಾನೆಟ್ಟು ಮುಚ್ಚಿದ ದಿನ ಮೊದಲು ಕೂರುವವಳು ನಿಮ್ಮಮ್ಮನೇ ಎಂದು ಮಗಳಿಗೆ ಹೇಳುತ್ತಲೇ ಇದ್ದ. ಟೀ ತಂದಿಟ್ಟ ಅಮ್ಮ, ಮದುವೆಗೆ ಮುಂಚೆ ಸೈಕಲ್ ಮೇಲಾದರೂ ಕೂರಿಸುತ್ತಿದ್ದರು ಎಂದು ಗೊಣಗಿ ಖಾಲಿ ಲೋಟ ಎತ್ತಿಕೊಂಡು ಹೋಗುತ್ತಿದ್ದಳು. ಮತ್ತೆ ಮೂರು ವರ್ಷ ಉಜ್ಜಿದರೂ ಎರಡನೆಯ ಬೆರಳು ಹಾಗೇ ಉಳಿಯಿತು. ಮೊನ್ನೆ ಊಟವಾದ ಮೇಲೆ ಅಡ್ಡಾದ ಅಪ್ಪ ಏಳಲಿಲ್ಲ.

ಈ ದಿನ ಬೆಳಿಗ್ಗೆ ಅಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ್ದಳು. "ಆ ಮುಚ್ಚಳ ತೆಗೆದಿಟ್ರೆ ಗಾಡಿ ಓಡಲ್ವಾ?"

ಮಗಳು ಮಾಮನ ಮುಖ ನೋಡಿದಳು. ಮಾಮ ನೆಲ ನೋಡಿದ. ಓಡುತ್ತಿತ್ತು. ಒಂಬತ್ತು ವರ್ಷವೂ ಓಡುತ್ತಿತ್ತು.

*

ಶವವಾಹನ ಮುಂದೆ, ಕೆಂಪು ಕಾರು ಹಿಂದೆ. ಸ್ಟೀರಿಂಗ್ ಹಿಡಿದ ಮಗಳ ಪಕ್ಕದಲ್ಲಿ ಅಮ್ಮ ಕೈಚೀಲವನ್ನು ಮಡಿಲಲ್ಲಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಾನೆಟ್ಟಿಲ್ಲದ ಎಂಜಿನ್ ಎಲ್ಲರ ಕಣ್ಣೆದುರೇ ನಡುಗುತ್ತಿತ್ತು. ಮೊದಲ ತಿರುವಿನವರೆಗೂ ಎಲ್ಲ ಸರಿ. ಆಮೇಲೆ ಬಿಸಿ ತೋರಿಸುವ ಮುಳ್ಳು ಏರತೊಡಗಿತು.

ಯಾಕೆಂದು ಮಗಳಿಗೆ ತಟ್ಟನೆ ಹೊಳೆಯಿತು. ಉದ್ದನೆಯ ಹೊಸ ಎಂಜಿನ್ನಿಗೆ ಜಾಗ ಮಾಡಲು ಅಪ್ಪ ಅದನ್ನು ತಣಿಸುವ ರೇಡಿಯೇಟರಿನ ಫ್ಯಾನು ಬಿಚ್ಚಿ ಹಾಕಿದ್ದ. ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿದಾಗಲೆಲ್ಲ ಅದರ ಮುಂದೆ ಮನೆಯ ಟೇಬಲ್ ಫ್ಯಾನು ತಿರುಗುತ್ತಿತ್ತು. ಅದು ರಸ್ತೆಗೆ ಜೊತೆಯಲ್ಲಿ ಬರುವುದಿಲ್ಲ ಎಂಬುದು ಅಪ್ಪ ಮಗಳಿಬ್ಬರಿಗೂ ಹೊಳೆದಿರಲಿಲ್ಲ.

"ಅಮ್ಮ, ಎಂಜಿನ್ ಕಾಯ್ತಿದೆ. ಹೀಗೆ ತೆವಳಿದ್ರೆ ಗಾಳಿ ಸಾಲಲ್ಲ. ನಿಲ್ಲಿಸಬೇಕು."

"ನಿಲ್ಲಿಸಿದ್ರೆ ನಿನ್ನ ಚಿಕ್ಕಪ್ಪನ ಬಾಯಿಗೆ ಬೀಳ್ತೀವಿ. ಬೇರೆ ದಾರಿ?"

"ಜೋರಾಗಿ ಓಡಿಸಬೇಕು."

ಅಮ್ಮ ಮುಂದಿನ ಶವವಾಹನವನ್ನು ಒಂದು ಗಳಿಗೆ ನೋಡಿದಳು. "ಓಡಿಸು ಮತ್ತೆ."

"ಅಪ್ಪನ್ನ ಹಿಂದೆ ಹಾಕೋದಾ?"

"ಹಾರ್ನ್ ಮಾಡಿ, ಮರ್ಯಾದೆಯಾಗಿ ಹಾಕು."

ಮಗಳು ಹಾರ್ನ್ ಒತ್ತಿ ಬಲಕ್ಕೆ ತಿರುಗಿಸಿದಳು. ಶವವಾಹನದ ಚಾಲಕ ಬಾಯಿ ತೆರೆದು ನೋಡಿದ. ಚಿಕ್ಕಪ್ಪನ ಮೂಗು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಅವನ ಹಿಂದೆ ಟಿಂಕರ್ ಮಾಮ ಪೆಟ್ಟಿಗೆಯ ಮೇಲೆ ಬಗ್ಗಿ, ಒಳಗಿದ್ದವನಿಗೆ ಏನೋ ಹೇಳುತ್ತಿದ್ದ.

ದೊಡ್ಡ ರಸ್ತೆ ಸಿಕ್ಕಿತು. ಮುಳ್ಳು ನಡುಗಿತು, ನಿಂತಿತು, ಇಳಿಯಿತು. ಅಮ್ಮನ ಕೂದಲು ಬಿಚ್ಚಿ ಹಿಂದಕ್ಕೆ ಹಾರಿತು. ಸೀಟು ಹಲಗೆಯ ಹಾಗಿದೆ, ಒಂಬತ್ತು ವರ್ಷದಲ್ಲಿ ಒಂದು ದಿಂಬು ಹೊಲಿಸಬಾರದಿತ್ತೇ ಎಂದು ಅವಳು ಗಾಳಿಗೆ ದೂರು ಹೇಳಿದಳು. ಕಣ್ಣೀರು ಕೆನ್ನೆಗೆ ಇಳಿಯದೆ ನೇರ ಕಿವಿಯತ್ತ ಓಡುತ್ತಿತ್ತು. ಅವಳು ನಗುತ್ತಿದ್ದಳು.

ಸ್ಮಶಾನದ ಗೇಟಿನಲ್ಲಿ ಗುಂಡಿ ತೋಡುವವನು ಗುದ್ದಲಿ ಊರಿ ನಿಂತಿದ್ದ. ಇಬ್ಬರೇ ಬಂದಿದ್ದು ಕಂಡು, ಉಳಿದವರು ಎಲ್ಲಿ ಎಂದು ಕೇಳಿದ.

"ಹಿಂದೆ ಬರ್ತಿದಾರೆ," ಎಂದಳು ಅಮ್ಮ. "ನಮ್ಮನೆಯವರು ಎಲ್ಲದಕ್ಕೂ ಸ್ವಲ್ಪ ನಿಧಾನ."

ಅವಳು ಇಳಿಯಲಿಲ್ಲ. ಒಂದು ಮೊಣಕೈಯನ್ನು ಬಾಗಿಲಿನ ಮೇಲೆ ಊರಿ ರಸ್ತೆ ನೋಡುತ್ತಾ ಕೂತಳು. ಆರುತ್ತಿದ್ದ ಎಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು. ಬಹಳ ಹೊತ್ತಿನ ಮೇಲೆ ತಿರುವಿನಲ್ಲಿ ಶವವಾಹನ ಕಂಡಿತು. ಜನಜಂಗುಳಿಯಲ್ಲಿ ತನ್ನನ್ನು ಹುಡುಕುತ್ತಿರುವವನಿಗೆ ಗುರುತು ತೋರಿಸುವ ಹಾಗೆ ಅಮ್ಮ ಸೀಟಿನಿಂದ ಅರ್ಧ ಎದ್ದು, ಕೈಯೆತ್ತಿ ಬೀಸಿದಳು.