ಬಲ ಹೆಗಲು

ಜಯಾ ರೈಫಲ್ಲನ್ನು ಹೆಗಲಿಗೆ ಆನಿಸಿದವಳು ಹಾಗೆಯೇ ಕೆಳಗಿಳಿಸಿದಳು. ಅದರ ಹಿಂಬದಿಯ ಮರ ಕೂರುವ ಜಾಗದಲ್ಲೇ, ಬಲಗಡೆಯ ಕೊರಳೆಲುಬಿನ ಕೆಳಗೆ, ಕೀಮೋ ಔಷಧಿ ಹಾಕಲು ಚರ್ಮದಡಿ ಕೂರಿಸಿದ್ದ ಪೋರ್ಟ್ ಅಡಿಕೆಯಷ್ಟು ಉಬ್ಬಿಕೊಂಡಿತ್ತು.

ಸ್ಯಾನ್ ಡಿಯಾಗೋ ಆಚೆಯ ಗುಡ್ಡದಲ್ಲಿದ್ದ ಆ ಗುಂಡು ಹಾರಿಸುವ ರೇಂಜಿಗೆ ಗಂಡಹೆಂಡತಿ ವುಡ್‌ಲ್ಯಾಂಡ್ ಹಿಲ್ಸ್‌ನಿಂದ ಮೂರು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದರು. ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿ ಬಂದೂಕು ಹಿಡಿದಿದ್ದವಳಿಗೆ ಆಫ್ರಿಕಾದ ಕಾಡುಕೋಣಕ್ಕೆ ಒಮ್ಮೆ ಗುರಿಯಿಡುವ ಆಸೆ ಮೂವತ್ತು ವರ್ಷದ್ದು. 2006ರ ಜುಲೈಗೆ ಟಿಕೆಟ್ ಆಗಿತ್ತು. ಮೂರು ಅಂಗಡಿ ಸುತ್ತಿ, ಹತ್ತಾರು ರೈಫಲ್ ಎತ್ತಿ ನೋಡಿ, ಕಡೆಗೆ ಕೋಣಕ್ಕೆ ತಕ್ಕ ದೊಡ್ಡ ಗುಂಡಿನ ತ್ರೀ ಸೆವೆಂಟಿಫೈವ್ ಒಂದನ್ನು ಆರಿಸಿ, ತನ್ನ ತೋಳಿನಳತೆಗೆ ಅದರ ಹಿಂಬದಿಯ ಮರ ಕೊಯ್ಯಿಸಿದ್ದಳು. ಆಮೇಲೆ ಕಾಯಿಲೆ ಬಂತು. ಡಾಕ್ಟರು ಜುಲೈಯಲ್ಲಿ ಕೀಮೋದಿಂದ ಮೂರು ವಾರ ಬಿಡುವು ಕೊಟ್ಟಿದ್ದರು. ಅದರಾಚೆಗೆ ಯಾರೂ ಮಾತು ಕೊಟ್ಟಿರಲಿಲ್ಲ.

ಎಡ ಹೆಗಲಿಗೆ ಇಟ್ಟು ನೋಡಿದಳು. ಎಡಗಣ್ಣು ಮೊದಲಿನಿಂದಲೂ ಮಂಜು.

ಗಂಡ ಶಿವರುದ್ರಪ್ಪ ವಿಭೂತಿ ಹಚ್ಚದೆ ಚಹಾ ಕುಡಿಯುವವನಲ್ಲ, ತತ್ತಿ ಕಂಡರೆ ಮುಖ ತಿರುಗಿಸುವವನು. ರೈಫಲ್ ಪೆಟ್ಟಿಗೆ ಹೊರುವುದಷ್ಟೇ ಅವನ ಕೆಲಸ. ಕನ್ನಡ ಕೂಟದಲ್ಲಿ ಮಾತ್ರ, ಹೆಂಡತಿ ಭಾನುವಾರ ಯೋಗಕ್ಕೆ ಹೋಗುತ್ತಾಳೆಂದು ಹೇಳಿಕೊಂಡು ಬಂದಿದ್ದ.

"ಪೋರ್ಟ್ ಯಾವ ಕಡೆ ಇಡಬೇಕಂತ ದವಾಖಾನಿಯವ್ರು ಮೊದಲ ಕೇಳಲಿಲ್ಲೇನ್ರಿ?" ಎಂದಳು ಜಯಾ.

ಅವನು ಗುಂಡಿನ ಡಬ್ಬಿ ನೋಡುತ್ತ ನಿಂತ. ಪೋರ್ಟ್ ಕೂರಿಸುವ ಮುನ್ನ, ಅವಳು ರಕ್ತ ಪರೀಕ್ಷೆಗೆ ಒಳಗೆ ಹೋದಾಗ, ಆಸ್ಪತ್ರೆಯ ಫಾರ್ಮ್ ತುಂಬಿದ್ದು ಅವನೇ. ಆಟ, ಹವ್ಯಾಸ ಏನಾದರೂ ಇದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಫಾರ್ಮ್ ತೆಗೆದುಕೊಳ್ಳುವಾಕೆ ಕೂಟದ ಪರಿಚಯದವಳು.

"ಕೇಳಿದ್ರು. ಏನೂ ಇಲ್ಲಂತ ಬರದೆ," ಎಂದ. "ನಾಚಿಕಿ ಆತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದದ್ದೂ ಅಷ್ಟೇ. ಅವಳು ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ದೂರದಲ್ಲಿ ಗುರಿಗೆಂದು ನಿಲ್ಲಿಸಿದ್ದ ಕಾಗದದ ಕೋಣವನ್ನು ನೋಡಿದಳು.

"ಬರ್ರಿ, ಕೂಡ್ರಿ. ನಿಮ್ಮ ಹೆಗಲು ಕೊಡ್ರಿ," ಎಂದಳು.

ಮರ ಅವನ ಉದ್ದ ತೋಳಿಗೆ ಗಿಡ್ಡವಾಯಿತು. ಅವಳು ಅವನ ಮೊಳಕೈ ತಿದ್ದಿದಳು, ಕೆನ್ನೆ ಒತ್ತಿಸಿದಳು, ಉಸಿರು ಅರ್ಧ ಬಿಟ್ಟು ಹಿಡಿಯಲು ಹೇಳಿದಳು. ಇಬ್ಬರ ಕಿವಿಗೂ ಸದ್ದು ತಡೆಯುವ ಮುಚ್ಚಳ ಹಾಕಿ ಹಿಂದೆ ನಿಂತು, ಅವನ ಬಲ ಹೆಗಲ ಹಿಂಭಾಗಕ್ಕೆ ಅಂಗೈ ಊರಿದಳು.

ಗುಂಡು ಹಾರಿತು. ರೈಫಲ್ ಹಿಂದಕ್ಕೆ ಒದ್ದ ಏಟು ಅವನ ಎಲುಬಿಗಿಳಿದು ಅವಳ ಅಂಗೈಗೆ ಬಂದು ನಿಂತಿತು. ಕಾಗದದ ಕೋಣ ಹರಿಯದೆ ಹಾಗೇ ಇತ್ತು.

ಅವನು ತಿರುಗಿ ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. ಅವಳು ಎಡಗೈಯಿಂದ ಇನ್ನೊಂದು ಗುಂಡನ್ನು ಅವನ ಮುಂದೆ ಇಟ್ಟಳು. ಬಲಗೈ ಅವನ ಹೆಗಲ ಮೇಲೆಯೇ ಇತ್ತು.