ಬೈಯುವವರಿಲ್ಲದ ದಾರಿ

ಸಮುದ್ರದ ತನಕ ಸೈಕಲ್ ತುಳಿಯುತ್ತೇನೆ ಎಂದು ನಾನು ಹೇಳಿದಾಗ ನನ್ನ ಗಂಡ ತಟ್ಟೆಯಿಂದ ತಲೆ ಕೂಡ ಎತ್ತಲಿಲ್ಲ. "ಹೋಗು ಹೋಗು. ಅರ್ಧ ದಾರೀಲೇ ಲಾರಿ ಹತ್ತಿ ಮೂಟೆ ಥರಾ ಕೂತ್ಕೋತೀಯ. ನೋಡ್ತಿರು," ಅಂದ. ಅಷ್ಟು ಹೇಳಿ ಸೊಂಟ ಹಿಡಿದುಕೊಂಡ. ಅವನದು ವಿಚಿತ್ರವಾದ ಸೊಂಟ, ನಾನು ಟೊಮೇಟೊ ಬುಟ್ಟಿ ಎತ್ತುವ ಹೊತ್ತಿಗೆ ಸರಿಯಾಗಿ ನೋಯುತ್ತದೆ.

ಅವನ ಮಾತು ಅವನ ಬಾಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮರುದಿನವೇ ಲಿವಿಂಗ್‌ಸ್ಟನ್ನಿನ ಮರಾಂಬಾ ಮಾರುಕಟ್ಟೆಗೆಲ್ಲ ಹಬ್ಬಿತು. ಒಣಮೀನು ಮಾರುವವಳಿಂದ ಹಿಡಿದು ಚಪ್ಪಲಿ ಹೊಲಿಯುವವನ ತನಕ ಎಲ್ಲರೂ "ಬಾನಾ ಚೋಲಾ, ಲಾರೀಲಿ ಸೀಟು ಹಿಡಿದಾಯ್ತಾ?" ಎಂದು ಕೇಳುವವರೇ. ಚೋಲಾ ನನ್ನ ಹಿರಿಮಗಳು. ಅವಳ ತಾಯಿ ಎಂದೇ ಊರು ನನ್ನನ್ನು ಕರೆಯುವುದು. ನನಗೆ ಮೈ ಉರಿಯಿತು. ಅಲ್ಲೇ, ಟೊಮೇಟೊ ರಾಶಿಯ ಎದುರು ನಿಂತು, ಆ ಲಾರಿಗೆ ನನ್ನ ಹಿಮ್ಮಡಿಯನ್ನೂ ತಾಗಿಸುವುದಿಲ್ಲ ಎಂದು ಕೂಗಿ ಹೇಳಿದೆ.

ಪ್ರತಿವರ್ಷ ನಮ್ಮೂರಿನ ಮೇಲೆ ಒಂದು ಸೈಕಲ್ ದಂಡು ಹಾದುಹೋಗುತ್ತದೆ. ನೈರೋಬಿಯಲ್ಲಿ ಹೊರಟು ನಮೀಬಿಯಾದ ಕಡಲಿಗೆ ಮುಟ್ಟುವ ದಂಡು. ಬಹುತೇಕ ಬಿಳಿಯರು, ಕೈತುಂಬ ಪಿಂಚಣಿ, ಮನೆಯಲ್ಲಿ ಕೂರಲು ಬೇಸರ. ಈ ಸಲ ಅವರಿಗೆ ಏನನ್ನಿಸಿತೋ, ಲಿವಿಂಗ್‌ಸ್ಟನ್ನಿನ ಒಬ್ಬರಿಗೆ ಕಡಲಿನವರೆಗೆ ಬಿಟ್ಟಿ ಜಾಗ ಎಂದರು. ಊರಿನ ಏರು ಹತ್ತುವ ಒಂದು ಪಂದ್ಯ ಇಟ್ಟರು. ಟೊಮೇಟೊ ಹೇರಿಕೊಂಡು ಅದೇ ಏರನ್ನು ಇಷ್ಟು ವರ್ಷ ಹತ್ತಿದವಳು ನಾನು. ಖಾಲಿ ಸೈಕಲ್ ಕೊಟ್ಟರೆ ಕೇಳಬೇಕೆ? ಜಿಮ್ಮಿಗೆ ಹೋಗುವ ಹುಡುಗರೆಲ್ಲ ನನ್ನ ಬೆನ್ನು ನೋಡಿಕೊಂಡು ಬಂದರು.

ದಂಡಿನಲ್ಲಿ ಒಂದು ಪದ್ಧತಿ ಇತ್ತು. ಹೊರಡುವ ದಿನ ಎಲ್ಲರ ಹ್ಯಾಂಡಲ್ಲಿಗೂ ಒಂದು ಕೆಂಪು ಪಟ್ಟಿ ಕಟ್ಟುತ್ತಾರೆ. ಸುಸ್ತೋ ಜ್ವರವೋ ಆಗಿ ಸಾಮಾನಿನ ಲಾರಿ ಹತ್ತಿದವರು ಅದನ್ನು ತಮ್ಮ ಕೈಯಾರೆ ಕತ್ತರಿಸಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಕಡಲು ಮುಟ್ಟುವಾಗ ಪಟ್ಟಿ ಉಳಿಸಿಕೊಂಡವರಿಗೆ ಚಪ್ಪಾಳೆ, ಫೋಟೊ. ಉಳಿದವರು ಚಪ್ಪಾಳೆ ತಟ್ಟುವವರು.

ಆ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾರ ಕಡಿಮೆಯಾಗಲಿ ಎಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಮುರಿದು ತಂದವರು ಅವರು. ಗಂಡಸರೂ ಕಾಲಿನ ಕೂದಲು ಬೋಳಿಸುತ್ತಿದ್ದರು. ಸಂಜೆ ಬೆಂಕಿಯ ಸುತ್ತ ಕುಳಿತರೆ ಲೋಕದ ಮಾತೆಲ್ಲ ಬಿಟ್ಟು ತಂತಮ್ಮ ಕುಂಡೆಯ ಹುಣ್ಣಿನ ಬಗ್ಗೆಯೇ ಚರ್ಚೆ. ಯಾವ ಮುಲಾಮು, ಎಷ್ಟು ಸಲ, ಕುಳಿತು ಹಚ್ಚುವುದೋ ನಿಂತು ಹಚ್ಚುವುದೋ. ಆದರೂ ಒಳ್ಳೆಯವರು. ನನ್ನ ಕಬ್ಬಿಣದ ಸೈಕಲ್ಲನ್ನು ಒಬ್ಬನೂ ನೋಡಿ ನಗಲಿಲ್ಲ. ನಗುವ ಕೆಲಸವನ್ನೆಲ್ಲ ಲಾರಿ ಡ್ರೈವರ್ ಜೆರೆಯೇ ವಹಿಸಿಕೊಂಡಿದ್ದ.

ಜೆರೆ ಚಿಪಾಟಾ ಕಡೆಯವನು, ಅಂಗೋನಿ ಬುಡಕಟ್ಟು. ನಾನು ಬೆಂಬಾ. ನಮ್ಮ ಅಜ್ಜಂದಿರು ಈಟಿ ಹಿಡಿದು ಹೊಡೆದಾಡಿ, ಸುಸ್ತಾಗಿ, ಇನ್ನು ಮುಂದೆ ಬಾಯಲ್ಲೇ ಹೊಡೆದಾಡೋಣ ಎಂದು ಒಪ್ಪಿಕೊಂಡರಂತೆ. ಅಂದಿನಿಂದ ಬೆಂಬಾಗಳೂ ಅಂಗೋನಿಗಳೂ ಅತ್ತೆಮಗ ಮಾವನಮಗಳು ಇದ್ದ ಹಾಗೆ. ಬೈಯಬೇಕು, ಬೈಸಿಕೊಳ್ಳಬೇಕು, ಸಿಟ್ಟಾಗುವಂತಿಲ್ಲ. ಅಂಗೋನಿ ಸತ್ತರೆ ನಾವು ಹೋಗಿ ಹೆಣಕ್ಕೇ "ಏಳೋ ಸೋಮಾರಿ, ಬಿಸಿಲೇರಿತು" ಎಂದು ಗದರುತ್ತೇವೆ. ಅಳುತ್ತಿದ್ದ ಮನೆಯವರು ಮೂಗೊರೆಸಿಕೊಂಡು ನಗುತ್ತಾರೆ. ನಾಲ್ಕು ಜನರ ಎದುರು ನಿಮ್ಮ ಅಂಗೋನಿಯ ಪರವಾಗಿ ಒಂದೇ ಒಂದು ಒಳ್ಳೆಯ ಮಾತಾಡಿದಿರೋ, ಅದಕ್ಕಿಂತ ದೊಡ್ಡ ಅವಮಾನ ಅವನಿಗೆ ಇನ್ನೊಂದಿಲ್ಲ.

ಮೊದಲ ದಿನವೇ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಕೋತಿ ತಿನ್ನೋರೂ ಸೈಕಲ್ ಹತ್ತೋ ಕಾಲ ಬಂತಾ?" ಅಂದ.

"ಇಲಿ ಸುಟ್ಟು ತಿನ್ನೋನು ಲಾರಿ ಓಡಿಸ್ತಾನಂತೆ, ನಾನು ಸೈಕಲ್ ಹತ್ತಬಾರ್ದಾ?" ಅಂದೆ. ಅಲ್ಲಿಗೆ ನಂಟು ಬಿತ್ತು.

ಬೋಟ್ಸ್ವಾನಾ ಸಲೀಸಾಗಿ ಕಳೆಯುತ್ತಿತ್ತು. ಆನೆಗಳಿದ್ದ ಕಡೆ ನಾವೇ ಮರ್ಯಾದೆಯಿಂದ ನಿಂತು ಅವಕ್ಕೆ ದಾರಿ ಬಿಟ್ಟೆವು. ಆದರೆ ಘಾಂಜಿ ಎಂಬ ಊರು ಮುಟ್ಟುವ ಮೊದಲೇ ಗಾಳಿ ಎದುರಾಯಿತು. ರಸ್ತೆ ದಾರ ಹಿಡಿದಂತೆ ನೇರ, ಎರಡೂ ಕಡೆ ಮುಳ್ಳುಕಂಟಿ, ಪಶ್ಚಿಮದಿಂದ ಬೀಸುವ ಗಾಳಿ ಎದೆಗೇ ಕೈಯಿಟ್ಟು ತಳ್ಳುವುದು. ನನ್ನ ಮಂಡಿ ಊದಿತು. ದಂಡು ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ಲಾರಿ ನನ್ನ ಪಕ್ಕದಲ್ಲೇ ಆಮೆಯ ಹಾಗೆ ಬರುತ್ತಿತ್ತು, ಕಿಟಕಿಯಲ್ಲಿ ಜೆರೆಯ ತಲೆ.

"ಹತ್ತು ಲಾರೀನ! ನಿನ್ನ ಗಂಡನ ಸೊಂಟಾನ ನೀನು ಯಾವಾಗ ಎರವಲು ತಂದೆ?"

"ಮುಚ್ಚೋ ಬಾಯಿ, ಇಲಿ ಬಾಲ ಹಲ್ಲಲ್ಲಿ ಸಿಕ್ಕಿದೆ!"

"ನಿಮ್ಮಜ್ಜಿ ಕುಂಟ್ಕೊಂಡೇ ನಮ್ಮಜ್ಜನಿಂದ ತಪ್ಪಿಸ್ಕೊಂಡು ಓಡಿದ್ಲು. ನಿಂಗೆ ಅಷ್ಟೂ ಆಗಲ್ವಾ? ಥೂ, ಬೆಂಬಾ ಜಾತೀಗೇ ನಾಚಿಕೆ!"

ನನಗೆ ಉತ್ತರ ಕೊಡಬೇಕಿತ್ತು. ಉತ್ತರ ಕೊಡಲು ಉಸಿರು ಬೇಕಿತ್ತು. ಉಸಿರು ಎಳೆದುಕೊಂಡಾಗ ಕಾಲು ತಾನಾಗಿ ತಿರುಗುತ್ತಿತ್ತು. ಹೀಗೆ ಬೈಯುತ್ತ ಬೈಸಿಕೊಳ್ಳುತ್ತ ಆ ಇಡೀ ದಿನ ತುಳಿದು ಸಂಜೆಗೆ ಘಾಂಜಿಯ ಬಿಡಾರ ಮುಟ್ಟಿದೆ. ಪಟ್ಟಿ ಹ್ಯಾಂಡಲ್ಲಿನಲ್ಲೇ ಇತ್ತು.

ಆದರೆ ನಮ್ಮ ಹಿಂದೆಯೇ ಗೋರ್ಡನ್ ಎಂಬ ಮುದುಕ ತುಳಿಯುತ್ತಿದ್ದ. ಎಂದೋ ಒಂದು ಕಾಲದಲ್ಲಿ ನಮ್ಮ ದೇಶದ ಕಿಟ್ವೆಯಲ್ಲಿ ಮೇಷ್ಟ್ರಾಗಿದ್ದವನು, ಬೆಂಬಾ ಮಾತು ಅಲ್ಪಸ್ವಲ್ಪ ಬರುತ್ತಿತ್ತು. ಪದ ಗೊತ್ತು, ನಂಟು ಗೊತ್ತಿಲ್ಲ. ಅವನು ಸಿಟ್ಟಿಗೆ ಕೆಂಪಗಾಗಿ ದಂಡಿನ ಮುಖ್ಯಸ್ಥೆ ಅನ್ನೆಲೀಸ್‌ಳಿಗೆ ಎಲ್ಲವನ್ನೂ ಅನುವಾದಿಸಿ ಹೇಳಿದ. ಅಜ್ಜಿಯನ್ನೂ ಬಿಡಲಿಲ್ಲ.

ಅನ್ನೆಲೀಸ್ ಡಚ್ ಹುಡುಗಿ, ನನ್ನ ಮಗಳ ವಯಸ್ಸು, ಕಣ್ಣಲ್ಲಿ ಸದಾ ನ್ಯಾಯ. ಊಟವಾದ ಮೇಲೆ ಎಲ್ಲರನ್ನೂ ಸುತ್ತ ಕೂರಿಸಿ ನನ್ನನ್ನು ಕೇಳಿದಳು: "ಹೆದರ್ಕೋಬೇಡಿ. ಈ ಮನುಷ್ಯ ನಿಮಗೆ ಕೋತಿ ತಿನ್ನೋಳು ಅಂದಿದ್ದು ನಿಜಾನಾ?"

ಜೆರೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾಲ್ಕು ಜನ ಕೂತಿದ್ದಾರೆ, ಅಂಗೋನಿಯ ಬಗ್ಗೆ ಕೇಳುತ್ತಿದ್ದಾರೆ; ಇಂಥ ಅವಕಾಶ ಯಾವ ಬೆಂಬಾ ಬಿಡುತ್ತಾಳೆ?

"ನಿಜ ಕಣಮ್ಮಾ," ಅಂದೆ. "ದಿನಾ ಅಂತಾನೆ. ಕಟುಕ ಇವನು. ಇವತ್ತೇ ಕೆಲಸದಿಂದ ಕಿತ್ತಾಕು. ಆಮೇಲೆ ಇಲ್ಲೇ ಒಂದು ಗುಂಡಿ ತೋಡಿ ಹೂತುಬಿಡು. ಆಳವಾಗಿ ತೋಡು, ಇಲಿ ವಾಸನೆಗೆ ಎದ್ದು ಬಂದಾನು!"

ಜೆರೆ ತೊಡೆ ತಟ್ಟಿಕೊಂಡು ನಕ್ಕ. ನಾನೂ ನಕ್ಕೆ. ನಮ್ಮಿಬ್ಬರ ನಗು ಮುಗಿದ ಮೇಲೆ ಗೊತ್ತಾಯಿತು, ಬೇರೆ ಯಾರೂ ನಕ್ಕಿಲ್ಲ.

ಬೆಳಗ್ಗೆ ಎದ್ದಾಗ ಜೆರೆಯ ಚೀಲ ಲಾರಿಯ ಹೊರಗಿತ್ತು. ನಾನು ಓಡಿಹೋಗಿ ಅನ್ನೆಲೀಸ್‌ಳಿಗೆ ಅಜ್ಜ, ಈಟಿ, ಹೆಣ, ಎಲ್ಲ ವಿವರಿಸಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಹಿಂಸೆ ಕೊಟ್ಟೋರನ್ನ ಕಾಪಾಡ್ಬೇಕು ಅನ್ಸೋದು ಸಹಜ. ಇನ್ನು ನಿಮಗೆ ಯಾವ ಭಯಾನೂ ಇಲ್ಲ," ಎಂದು ತಬ್ಬಿಕೊಂಡಳು. ತಬ್ಬಿಕೊಂಡವರಿಗೆ ಏನು ಹೇಳುವುದು?

ಜೆರೆ ಚೀಲ ಹೆಗಲಿಗೇರಿಸಿದ. ಈಗಲಾದರೂ ಏನಾದರೂ ಅಂದಾನು, ಕೋತಿ ಎಂದಾನು ಎಂದು ಕಾದೆ. ಅವನು ಟೋಪಿ ತೆಗೆದ.

"ಬರ್ತೀನಿ, ಬಾನಾ ಚೋಲಾ. ನಿಮಗೆ ಒಳ್ಳೇದಾಗ್ಲಿ. ಮಂಡಿ ನೋಡ್ಕೊಳ್ಳಿ."

'ನೀವು' ಅಂದ. ಎಷ್ಟು ಬೈದಿದ್ದ, ಒಂದೂ ತಾಗಿರಲಿಲ್ಲ. ಇದು ತಾಗಿತು. ಮನೆಯಲ್ಲಿ ಅವನಿಗೆ ಮೂರು ಮಕ್ಕಳು, ಕೈಯಲ್ಲಿ ಇದೊಂದೇ ಕೆಲಸ, ಮತ್ತು ಅದನ್ನು ಕಿತ್ತುಕೊಂಡದ್ದು ನನ್ನ ನಾಲಿಗೆ.

ಹೊಸ ಡ್ರೈವರ್ ಘಾಂಜಿಯವನು, ತುಂಬಾ ಸಭ್ಯ. ಲಾರಿಯನ್ನು ಪಕ್ಕಕ್ಕೆ ತಂದು, "ಚೆನ್ನಾಗಿ ತುಳೀತಿದ್ದೀರಿ ಅಮ್ಮಾ. ನೀರು ಬೇಕಾ ಅಮ್ಮಾ?" ಅನ್ನುತ್ತಿದ್ದ. ನಾನು "ಬೇಡಪ್ಪಾ" ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಗಾಳಿ ನಿನ್ನೆಯದೇ, ಮಂಡಿ ನಿನ್ನೆಯದೇ, ಆದರೆ ಕಾಲು ತಿರುಗಲೊಲ್ಲದು. 'ಅಮ್ಮಾ' ಎಂಬ ಮಾತಿಗೆ ತಿರುಗಿ ಏನು ಬೈಯಲಾದೀತು? ಒಂದು ಮುಳ್ಳುಮರದ ಕೆಳಗೆ ಸೈಕಲ್ ಒರಗಿಸಿ ಕುಳಿತುಬಿಟ್ಟೆ.

ಅನ್ನೆಲೀಸ್ ಜೀಪಿನಲ್ಲಿ ಬಂದಳು. "ಲಾರಿ ಹತ್ತಿದ್ರೆ ತಪ್ಪೇನೂ ಇಲ್ಲ," ಅಂದಳು ಮೆಲ್ಲಗೆ. ಮರಾಂಬಾದಲ್ಲಿ ನಾನು ಕೂಗಿದ್ದು ಅವಳಿಗೂ ಗೊತ್ತಿತ್ತು. ದಂಡಿಗೆಲ್ಲ ನಾನೇ ಹೇಳಿಕೊಂಡು ತಿರುಗಿದ್ದೆ.

"ಹತ್ತೀನಿ," ಅಂದೆ. "ಆದ್ರೆ ಜೆರೆ ಓಡಿಸ್ಬೇಕು. ಅವನ ಪಕ್ಕದ ಸೀಟಲ್ಲೇ ಕೂರ್ತೀನಿ."

"ಆ ಮನುಷ್ಯನ ಪಕ್ಕ?"

"ಭಯ ಇರೋಳು ಅವನ ಪಕ್ಕದ ಸೀಟು ಕೇಳ್ತಾಳಾ, ನೀನೇ ಹೇಳಮ್ಮಾ. ಊದಿದ ಮಂಡೀಲೂ ನಾನು ಲಾರಿ ಮುಟ್ಟಿರ್ಲಿಲ್ಲ. ಈಗ ಅವನಿಗೋಸ್ಕರ ಹತ್ತೀನಿ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ರ ಇಲ್ಲ."

ಅವಳ ಜೇಬಿನ ಚಾಕು ಕೇಳಿ ತೆಗೆದುಕೊಂಡೆ. ಪಟ್ಟಿ ಕತ್ತರಿಸಿ ಅವಳ ಅಂಗೈಯಲ್ಲಿಟ್ಟೆ. ಅನ್ನೆಲೀಸ್ ಪಟ್ಟಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಸಭ್ಯ ಡ್ರೈವರನ್ನು ಕರೆದು, ಘಾಂಜಿಗೆ ವಾಪಸ್ ಹೋಗಿ ಅಲ್ಲಿ ಬಸ್ ಕಾಯುತ್ತಿರುವ ಜೆರೆಗೆ ಈ ಪಟ್ಟಿ ಮತ್ತು ಲಾರಿಯ ಕೀಲಿ ಕೊಡು ಎಂದಳು.

ಜೆರೆ ಬಂದ. ನನ್ನ ಸೈಕಲ್ ಎತ್ತಿ ಲಾರಿಗೆ ಹಾಕಿದ. ಬಿಡಾರದ ತನಕ ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ ಅತ್ತೆ. ಪಟ್ಟಿಗಾಗಿ ಅತ್ತೆನೋ ಅವನ ಮೌನಕ್ಕಾಗಿಯೋ ಗೊತ್ತಿಲ್ಲ. ಬಿಡಾರದಲ್ಲಿ ಇಳಿಯುವಾಗ ಮಾತ್ರ ಗೊಣಗಿದ: "ಸೀಟೆಲ್ಲಾ ಕೋತಿ ವಾಸ್ನೆ."

ಅಂದು ರಾತ್ರಿ ಹೊಟ್ಟೆತುಂಬ ಉಂಡು ಮಲಗಿದೆ.

ಮಂಡಿಯ ಊತ ಇಳಿಯಿತು, ಬೈಗುಳ ಮರಳಿತು, ಉಳಿದ ದಾರಿಯನ್ನು ತುಳಿದೇ ಮುಗಿಸಿದೆ. ಸ್ವಾಕೋಪ್‌ಮುಂಡ್‌ನಲ್ಲಿ ಕಡಲು ನೋಡಿದೆ. ತುಂಬಾ ನೀರು. ಪಟ್ಟಿ ಉಳಿಸಿಕೊಂಡವರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು, ಗೋರ್ಡನ್ ಕೂಡ. ನಾನು ಚಪ್ಪಾಳೆ ತಟ್ಟಿದೆ. ಮರಾಂಬಾದಲ್ಲಿ ಏನು ಹೇಳುವುದು ಎಂಬ ಯೋಚನೆಯಲ್ಲಿ ಕಡಲು ಸರಿಯಾಗಿ ಕಾಣಲೇ ಇಲ್ಲ.

ಉಳಿದವರೆಲ್ಲ ವಿಮಾನ ಹತ್ತಿದರು. ಖಾಲಿ ಲಾರಿ ಲಿವಿಂಗ್‌ಸ್ಟನ್ನಿಗೆ ಹೊರಟಿತ್ತು, ಅದರಲ್ಲಿ ನಾನೂ ನನ್ನ ಸೈಕಲ್ಲೂ. ಗಡಿ ದಾಟಿ, ಆ ನೇರ ರಸ್ತೆಯ ಮೇಲೆ, ಅಂದು ನಾನು ಲಾರಿಯಿಂದ ಇಳಿದಿದ್ದ ಬಿಡಾರದ ಜಾಗದಲ್ಲಿ ಜೆರೆ ಗಕ್ಕನೆ ಬ್ರೇಕ್ ಹಾಕಿದ. ಕೆಳಗಿಳಿದು ಸೈಕಲ್ಲನ್ನೂ ಇಳಿಸಿದ.

"ಇಳಿ."

"ಯಾಕೋ?"

"ಇಲ್ಲಿಂದ ಆ ಮುಳ್ಳುಮರದ ತನಕ ಬಾಕಿ ಇದೆ. ಅರೆಬರೆ ಕೋತೀನ ನಾನು ಊರಿಗೆ ಸಾಗ್ಸಲ್ಲ. ಮರಾಂಬಾದಲ್ಲಿ ನನ್ನ ಮಾನ ಏನಾಗ್ಬೇಕು?"

"ದಿಕ್ಕು ತಿರುಗಾಮುರುಗಾ ಆಯ್ತಲ್ಲೋ."

"ರಸ್ತೆಗೇನು ಗೊತ್ತಾಗುತ್ತೆ? ತುಳಿಯೇ!"

ಸೀಟಿನ ಕೆಳಗಿಂದ ಒಂದು ಪೊಟ್ಟಣ ತೆಗೆದ. ಅವನ ಒಣಗಿದ ಇಲಿಗಳು. ಅದಕ್ಕೆ ಕಟ್ಟಿದ್ದ ಕೆಂಪು ಪಟ್ಟಿಯನ್ನು ಬಿಚ್ಚಿ ನನ್ನ ಹ್ಯಾಂಡಲ್ಲಿಗೆ ಗಂಟು ಹಾಕಿದ. ಇಲಿ ನಾರುತ್ತಿತ್ತು. ನಾನು ಮೂಗು ಮುಚ್ಚಿಕೊಂಡೆ, ಕಣ್ಣು ಮಾತ್ರ ತಾನಾಗಿ ತುಂಬಿ ಬಂತು.

ಅದೇ ಗಾಳಿ ಈಗ ಬೆನ್ನಿಗಿತ್ತು. ಸೈಕಲ್ ಹಾರಿತು. ಹಿಂದಿನಿಂದ ಲಾರಿಯ ಹಾರ್ನು, ಅದರ ಮೇಲೆ ಜೆರೆಯ ಗಂಟಲು: "ಮೋಸಗಾತೀ! ಗಾಳೀನ ಎಂಜಿನ್ ಮಾಡ್ಕೊಂಡು ಹೋಗ್ತಾಳೆ! ನಿಮ್ಮಜ್ಜೀನೂ ಹೀಗೇ ಓಡಿದ್ದು!"

"ನಿಮ್ಮಜ್ಜನಿಗೆ ಓಡೋಕೂ ಬರ್ತಿರ್ಲಿಲ್ಲ, ಅದಕ್ಕೇ ಇಲಿ ಹಿಡ್ಕೊಂಡು ಕೂತ!"

ತುಳಿದೆ, ತುಳಿದೆ. ಮುಳ್ಳುಮರ ದೂರದಲ್ಲಿ ಕಂಡಿತು. ಮತ್ತೇನೋ ಕೂಗಿದ, ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಹಿಂದೆ ತಿರುಗಿ ನೋಡಿದರೆ ಲಾರಿಯನ್ನು ಬಹಳ ಹಿಂದೆ ಬಿಟ್ಟು ಬಂದಿದ್ದೆ. ಬ್ರೇಕ್ ಹಿಡಿದು, ಅವನ ಬೈಗುಳ ಕಿವಿಗೆ ಬೀಳುವಷ್ಟು ಹತ್ತಿರ ಬರಲಿ ಎಂದು ನಿಧಾನವಾಗಿ ತುಳಿದೆ.