ರಿಲಕ್ಟೆಂಟ್‌ಗೆ ಒಂದು ಉದಾಹರಣೆ

ನಿಘಂಟಿನ ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು. ಇಂಗ್ಲಿಷ್ ಪದಕ್ಕೆ ಅರ್ಥ ಬರೆದ ಮೇಲೆ ಕೊಡುವ ಉದಾಹರಣೆ ಕಟ್ಟಿದ್ದಾಗಿರಬಾರದು. ಯಾರೋ ನಿಜವಾಗಿ ಆಡಿದ ಮಾತಾಗಿರಬೇಕು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಕೇಳಿದ್ದನ್ನೆಲ್ಲ ಹೊತ್ತು ತಂದು ಉದ್ದ ಮೇಜಿನ ಸುತ್ತ ಕೂತು ಓದುತ್ತಿದ್ದರು. ಸಂಪಾದಕರು ತಲೆಯಾಡಿಸಿದರೆ ಅದು ಅಚ್ಚಿಗೆ.

ಅಂದಿನ ಪದ ‘ರಿಲಕ್ಟೆಂಟ್’. ಖಾಲಿಯಿದ್ದ ಖಾಯಂ ಹುದ್ದೆ ಒಂದೇ, ಅದಕ್ಕೆ ಕಾದ ಹೆಂಗಸರು ಇಬ್ಬರು: ಎಲ್ಲರೂ ಗುಬ್ಬಿ ಎನ್ನುವ ಚಿಕ್ಕವಳು, ಅವಳು ಅಕ್ಕ ಎಂದು ಕರೆಯುವ ಹಿರಿಯಳು. ಖಾಯಂ ಆದರೆ ಬೇರೆ ಕೋಣೆ ಹಿಡಿದು ಗಂಡನನ್ನು ಬಿಡಬಹುದೆಂದು ಗುಬ್ಬಿ ಅಕ್ಕನೊಬ್ಬಳಿಗೇ ಹೇಳಿದ್ದಳು. ಮೇಜಿನ ತುದಿಯಲ್ಲಿ ಪ್ರೂಫ್ ತಿದ್ದುತ್ತ ಕೂತವನು ಗುಬ್ಬಿಯ ಮೈದುನ. ಅವಳನ್ನು ಇಲ್ಲಿಗೆ ಸೇರಿಸಿದವನೂ ಅವನೇ.

ಅಕ್ಕ ಕನ್ನಡಕ ಏರಿಸಿ ಓದಿದಳು: “‘ಬೀಗದ ಕೈ ಕೈಲೇ ಇರುತ್ತೆ, ಬಾಗಿಲು ತೆಗೆಯೋಕೆ ಮನಸ್ಸೇ ಬರಲ್ಲ. ಒಳಗೆ ಅವನಿರ್ತಾನೆ.’ ಇಲ್ಲೇ ಕೇಳಿದ್ದು ಸಾರ್, ನಮ್ಮ ಗುಬ್ಬಿ ಬಾಯಿಂದ.”

ಮೈದುನ ಪೆನ್ನು ಕೆಳಗಿಟ್ಟ. “ಒಳಗಿರೋದು ನಮ್ಮಣ್ಣನೇ ತಾನೇ, ಅತ್ತಿಗೆ? ಇನ್ಯಾರೂ ಇಲ್ವಲ್ಲ?”

ಮೇಜಿಗೆ ಮೇಜೇ ನಕ್ಕಿತು.

“ಅಕ್ಕಾ…” ಎಂದಳು ಗುಬ್ಬಿ.

“ಅಯ್ಯೋ, ಯಾಕಮ್ಮ ಮುಖ ಚಿಕ್ಕದು ಮಾಡ್ಕೋತೀಯ? ನಿನ್ನ ಹೆಸರೇನೂ ಹಾಕಲ್ಲ.”

ಸಂಪಾದಕರು ನಗಲಿಲ್ಲ. ಅವರಿಗೆ ಪದದ್ದೇ ಚಿಂತೆ. “ತೆಗೀಲೋ ಬೇಡವೋ ಅಂತ ಹೊಯ್ದಾಡಿದ್ರೆ ಅದು ಹೆಸಿಟೆಂಟ್. ಒಳಗೆ ಹೋಗೋದೇ ಬೇಡ ಅನ್ನಿಸಿದ್ರೆ ರಿಲಕ್ಟೆಂಟ್. ನಿಮ್ಮದು ಯಾವುದಮ್ಮ? ಆಡಿದವರು ನೀವು, ನೀವೇ ಹೇಳಬೇಕು.”

ಗುಬ್ಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಜ ಹೇಳಿದರೆ ಅದು ರಾತ್ರಿಯೊಳಗೆ ಮನೆ ಮುಟ್ಟುತ್ತದೆ. ಸುಳ್ಳು ಹೇಳಿದರೆ ಪದದ ಅರ್ಥವೇ ತಿಳಿಯದವಳೆಂದು ಹುದ್ದೆ ಹೋಗುತ್ತದೆ. ಮೈದುನ ಗದ್ದಕ್ಕೆ ಕೈಯಾನಿಸಿ ಅವಳನ್ನೇ ನೋಡುತ್ತಿದ್ದ. ಯಾರೋ ಕೆಮ್ಮಿದರು. ಸಂಪಾದಕರು ಗಡಿಯಾರ ನೋಡಿದರು.

“ರಿಲಕ್ಟೆಂಟ್, ಸಾರ್.”

“ಸರಿಯಾಗಿದೆ,” ಎಂದು ಅವರು ಗುರುತು ಹಾಕಿಕೊಂಡರು. “ಆದ್ರೆ ಗೊತ್ತಿರೋ ಉತ್ತರಕ್ಕೇ ಇಷ್ಟು ಹೊತ್ತು ತಗೊಂಡ್ರೆ ನಮ್ಮ ಸಂಪುಟ ಮುಗಿದ ಹಾಗೇ. ಖಾಯಂ ಕೆಲಸ ಅಕ್ಕನಿಗಿರಲಿ. ಕಿವಿ ಚುರುಕಾಗಿದೆ.” ಅವರು ಹಾಳೆ ಮಗುಚಿದರು. “ಮುಂದಿನ ಪದ.”

ಮೈದುನ ಆಗಲೇ ಎದ್ದು ಫೋನನ್ನು ಕಿವಿಗಿಟ್ಟುಕೊಂಡಿದ್ದ.

“ಅಣ್ಣಾ, ಮನೇಲೇ ಇದ್ದೀಯಾ? ಏನಿಲ್ಲ, ಅತ್ತಿಗೆ ಮಾತು ಪುಸ್ತಕದಲ್ಲಿ ಬರ್ತಿದೆ. ಓದ್ತೀನಿ, ಕೇಳು.”